ವಾರ್ಡಿಗೆ ಬಂದ ಬಳೆಗಾರ

ಮಾ... ಮಾತೃ... ಅಲ್ಲ, ಮಾತೃ ಅಲ್ಲ ಕಣೋ, ಅದು ನಾನು ಹೋದ್ಮೇಲೆ ಹೇಳೋದು. ಇದು ಬೇರೆ. ನಾಲಿಗೆ ತುದೀಲೇ ಇದೆ, ಬರ್ತಾ ಇಲ್ಲ. ತರ್ಪಣ ಕೊಡಿಸೋವಾಗ ಶಾಸ್ತ್ರಿಗಳು ಅಪ್ಪನ ಕಡೆ ಮೂರು ತಲೆ ಹೇಳ್ತಾರೆ, ಅಮ್ಮನ ಕಡೆ ಮೂರು ತಲೆ ಹೇಳ್ತಾರೆ, ಆಮೇಲೆ ಒಂದು ಪದ ಹೇಳಿ ನಿನ್ನ ಮುಖ ನೋಡ್ತಾರಲ್ಲ... ನೀನು ಪ್ರತಿ ವರ್ಷ "ಯಾರೂ ಇಲ್ಲ, ಮುಂದಕ್ಕೆ ಹೋಗಿ" ಅಂತೀಯಲ್ಲ, ಆ ಪದ. ನಾಳೆ ಮಹಾಲಯ ಅಮಾವಾಸ್ಯೆ. ಅವರು ಕೊಟ್ಟು ಹೋದ ಹಾಳೆ ಟೀಪಾಯಿ ಮೇಲೇ ಇದೆ, ಒಂಚೂರು ನೋಡಿ ಹೇಳು ಅಂದ್ರೆ...

ಆಯ್ತಪ್ಪಾ, ಆಯ್ತು. ಕೋಪ ಮಾಡ್ಕೋಬೇಡ. ನೀನು ಕೇಳಿದ್ದು ಪದ ಅಲ್ಲ, ಸೀರೆ. ಕೇಳಿಸ್ತು. ನನಗೆ ಮಂಜಾಗಿರೋದು ಕಣ್ಣು, ಕಿವಿ ಅಲ್ಲ.

ಆ ಫೋನು ಕೆಳಗಿಡು ಬದರಿ. ಮುಖಕ್ಕೆ ಹಿಡೀಬೇಡ. ನೋಡಾಯ್ತು. ಸಮರ್ಥನೇ. ನಿನ್ನ ಮಗನೇ. ಮೂಗಿಗೆ ನತ್ತು, ಹಣೆಗೆ ಇಷ್ಟಗಲ ಕುಂಕುಮ, ತುಟಿಗೆ ಬಣ್ಣ. ಎರಡು ಕೈಲೂ ಸೆರಗು ಹಿಡ್ಕೊಂಡು ಒಡ್ಡಿ ನಿಂತಿದಾನೆ. ಕೆಳಗೆ ಬರೆದಿರೋದನ್ನ ನಿನ್ನ ಮಗಳು ಮಹತಿ ಓದಿ ಹೇಳಿದಾಳೆ. ಇವತ್ತು ಸಂಜೆ ನಾಲ್ಕೂವರೆಗೆ, ಸಹಕಾರನಗರದ ಹಾಲ್‌ನಲ್ಲಿ ಡ್ರ್ಯಾಗ್ ಶೋ, ಗಂಡಸರು ಹೆಣ್ಣಿನ ವೇಷ ಹಾಕ್ಕೊಂಡು ಆಡೋದು. ಹೊರಗೂರಿಂದ ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತಾರಲ್ಲ, ಆ ಅಪ್ಪ ಅಮ್ಮಂದಿರು ಫುಟ್‌ಪಾತ್ ಮೇಲೆ ಮಲಗಬಾರದು ಅಂತ ಒಂದು ಮನೆ ಮಾಡ್ತಿದಾರಂತೆ. ಬಂದ ದುಡ್ಡೆಲ್ಲ ಅದಕ್ಕೆ. ಇದು ಐದನೇ ಶೋ. ಹಿಂದಿನ ನಾಲ್ಕಕ್ಕೂ ನಾನು ಹೋಗಲಿಲ್ಲ. ಇದಕ್ಕೆ ಹೋಗ್ಬೇಕು. ನೀನು ಕಾರು ತೆಗೀಬೇಕು. ಇಷ್ಟೇ ನಾನು ಕೇಳಿದ್ದು. ಅದಕ್ಕೆ ನೀನು ಫೋನು ತೆಗೆದು ಸೀರೆ ತೋರಿಸ್ತಿದೀಯ.

ಹೂಂ. ಸೀರೆ ನಂದೇ.

ಹೊಲಿಗೇಲಿ ಗುರುತು ಹಿಡಿದೆ, ಅಲ್ವಾ? ಹಸಿರು ಸೀರೆಗೆ ಕೆಂಪು ದಾರದ ಹೊಲಿಗೆ ಇನ್ಯಾರ ಮನೇಲಿರುತ್ತೆ! ಚಿಕ್ಕವನಿದ್ದಾಗ ನಾನು ಟ್ರಂಕು ತೆಗೆದಾಗಲೆಲ್ಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳ್ತಿದ್ದೆ... ಅಮ್ಮಾ ಇದನ್ನ ಯಾಕೆ ಉಡಲ್ಲ, ಸೆರಗು ಯಾಕೆ ಹರಿದಿದೆ. ಇಲಿ ಕಚ್ಚಿತು ಅಂದಿದ್ದೆ. ನಂಬಿದ್ದೆ ನೀನು. ಶುಭಾ ಸೊಸೆಯಾಗಿ ಬಂದ ವರ್ಷ ಕೇಳಿದಳು, ಇಲಕಲ್ ಸೀರೆ ಎಷ್ಟು ಚೆನ್ನಾಗಿದೆ ಅತ್ತೆ, ಒಂದ್ಸಲ ಉಡ್ಲಾ ಅಂತ. ಅವಳಿಗೂ ಕೊಡ್ಲಿಲ್ಲ. ಸೊಸೆಗೆ ಕೊಡದೆ ಇದ್ದಿದ್ದನ್ನ ಮೊಮ್ಮಗನಿಗೆ ಕೊಟ್ಟೆ. ಅದೂ ಉಟ್ಕೊಂಡು ಕುಣಿಯೋದಕ್ಕೆ. ಹೌದು!

ಯಾಕೆ ನಗ್ತೀಯ? ಆ ನಗು ನನಗೆ ಗೊತ್ತು ಕಣೋ. ನಿಮ್ಮಜ್ಜಿ ನಗು ಅದು. ತುಟಿ ಒಂದೇ ಕಡೆ ಹೋಗುತ್ತೆ.

ಆಷಾಢದಲ್ಲಿ ಸಮರ್ಥ ಬಂದಾಗ ಗೇಟಿಗೆ ಅಡ್ಡ ನಿಂತು ಕೂಗಿದೆಯಲ್ಲ, ಗಂಗಾನಗರಕ್ಕೆಲ್ಲ ಕೇಳೋ ಹಾಗೆ. ಯಾರೋ ನಿನ್ನ ತಲೆಗೆ ಇದನ್ನೆಲ್ಲ ತುಂಬಿದ್ದು? ಇದನ್ನ ಬಿಡೋವರೆಗೂ ಈ ಗೇಟಿನೊಳಗೆ ಕಾಲಿಡಬೇಡ ಅಂತ. ಯಾರೂ ತುಂಬಲಿಲ್ಲ. ಅವನೊಳಗೆ ಮೊದಲಿಂದ ಇತ್ತು. ನಾನು ಮಾಡಿದ್ದು ನಿರಿಗೆ ಹೇಳಿಕೊಟ್ಟಿದ್ದು, ಅಷ್ಟೇ. ಎರಡು ವರ್ಷ ಆಯ್ತು. ನೀನು, ಶುಭಾ ಇಬ್ಬರೂ ಆಫೀಸಿಗೆ ಹೋಗಿದ್ರಿ. ಮಧ್ಯಾಹ್ನ ಮಲಗಿ ಎದ್ದು ನೋಡ್ತೀನಿ, ನನ್ನ ಬೀರುವಿನ ಕನ್ನಡಿ ಮುಂದೆ ನಿಂತು ನನ್ನ ದಿನಬಳಕೆ ಸೀರೆ ಸುತ್ಕೊಳ್ತಾ ಇದಾನೆ. ನನ್ನ ಕಂಡ ತಕ್ಷಣ ಮುಖ ಹೇಗಾಯ್ತು ಅಂತೀಯ... ಬಾಗಿಲ ಸಂದಿಗೆ ಬೆರಳು ಸಿಕ್ಕ ಮಗು ಥರ. ಬೈತೀನಿ ಅಂದ್ಕೊಂಡ. ನಾನಂದೆ, "ಅಯ್ಯೋ ಪೆದ್ದೇ, ನಿರಿಗೆ ಅಷ್ಟು ಉದ್ದ ಬಿಡ್ತಾರೇನೋ? ಕಾಲಿಗೆ ಸಿಕ್ಕಿ ಹಲ್ಲು ಮುರ್ಕೋತೀಯ." ಅಷ್ಟಕ್ಕೇ ಕೂತು ಅತ್ತ ಕಣೋ. ಇಪ್ಪತ್ತೆರಡು ವರ್ಷದ ಗಂಡು ಮಗು, ನನ್ನ ಮಡಿಲಿಗೆ ತಲೆ ಕೊಟ್ಟು.

ಏಳಬೇಡ. ಕೂತ್ಕೋ. ಪೂರ್ತಿ ಕೇಳು. ನಿನಗೆ ಇದು ಹೊಸದು, ನನಗಲ್ಲ. ನಮ್ಮೂರಲ್ಲಿ... ಗಜೇಂದ್ರಗಡದಲ್ಲಿ... ನೋಡು, ಹುಟ್ಟಿದೂರ ಹೆಸರಿಗೂ ತಡವರಿಸ್ತೀನಿ. ಇಲ್ಲಿಗೆ ಬಂದು ಐವತ್ಮೂರು ವರ್ಷ. ಮದುವೆಯಾದ ಹೊಸದರಲ್ಲಿ ನಾನು "ಹ್ಯಾಂಗ" ಅಂದ್ರೆ ನಿಮ್ಮಜ್ಜಿ ಅಕ್ಕಪಕ್ಕದವರನ್ನ ಕರೆದು ಇನ್ನೊಂದ್ಸಲ ಹೇಳಿಸೋರು. ಆ ಮಾತನ್ನೂ ಮಡಿಸಿ ಟ್ರಂಕಿಗೆ ಹಾಕ್ಬಿಟ್ಟೆ.

ನಮ್ಮೂರಲ್ಲಿ ಒಬ್ಬನಿದ್ದ. ನಮ್ಮ... ನಮ್ಮ ಓಣಿಯವನೇ. ನಾಟಕದ ಕಂಪನೀಲಿ ಹೆಣ್ಣಿನ ಪಾತ್ರ ಮಾಡ್ತಿದ್ದ. ಆ ಕಾಲಕ್ಕೆ ಕಂಪನಿಗಳಿಗೆ ಹೆಂಗಸರೂ ಬಂದಿದ್ರು, ಆದ್ರೂ ಜನ ಇವನೇ ಬೇಕು ಅನ್ನೋರು. ಸೆರಗು ಭುಜದ ಮೇಲಿಂದ ಜಾರಿದ್ರೆ ಹೆಂಗಸರು ತಮ್ಮ ಸೆರಗು ಸರಿ ಮಾಡ್ಕೊಳ್ಳೋರು! ಒಂದೂರಲ್ಲಿ ದೇಸಾಯರೊಬ್ಬರು ನಾಟಕ ಮುಗಿದ ಮೇಲೆ ಪರದೆ ಹಿಂದಕ್ಕೆ ಒಂದು ತಟ್ಟೆ ಮಲ್ಲಿಗೆ ಹಿಡ್ಕೊಂಡು ಬಂದ್ರಂತೆ, ನಾಯಕಿಗೆ ಕೊಡೋದಕ್ಕೆ. ಇವನು ಅರ್ಧ ಬಣ್ಣ ಅಳಿಸಿ, ಲುಂಗಿ ಸುತ್ಕೊಂಡು, ಬೀಡಿ ಹಚ್ಕೊಂಡು ಎದುರಿಗೆ ಬಂದು, "ಹೂವು ಭಾಳ ಛಲೋ ಅದಾವ್ರಿ ಧಣಿ" ಅಂದನಂತೆ. ದೇಸಾಯರು ಮರುದಿನಾನೂ ಬಂದ್ರು. ಮಲ್ಲಿಗೆ ತರಲಿಲ್ಲ, ಅಷ್ಟೇ.

ನನಗೆ ಹೇಗೆ ಗೊತ್ತು? ಅವನೇ ಹೇಳಿ... ಅಂದ್ರೆ, ಊರಲ್ಲಿ ಹೇಳ್ಕೊಳ್ತಿದ್ರು. ಊರಂದ ಮೇಲೆ ಹೇಳ್ಕೊಳ್ಳಲ್ವಾ?

ಊರಿಗೆಲ್ಲ ಬೇಕಾದವನು, ಮನೆಗೆ ಬೇಡವಾದ. ಅವನಪ್ಪ ಮಠದಲ್ಲಿ ಪೂಜೆ ಮಾಡೋವ್ರು. ಮಗ ಮೀಸೆ ತೆಗೆದು ರವಿಕೆ ತೊಟ್ಟ ಅಂತ ಕಿವಿಗೆ ಬಿದ್ದ ದಿನ, ನೇರ ಬಾವಿಕಟ್ಟೆಗೆ ಹೋಗಿ ತಲೆ ಮೇಲೆ ಎರಡು ಕೊಡ ನೀರು ಸುರ್ಕೊಂಡು, "ಮುಗೀತು" ಅಂದ್ರು. ಬದುಕಿರೋ ಮಗನಿಗೆ ಸಾವಿನ ಸ್ನಾನ. ಆಮೇಲೆ ಆ ಮನೇಲಿ ಅವನ ಹೆಸರು ಎತ್ತೋ ಹಾಗಿರ್ಲಿಲ್ಲ.

ಆ ಕಂಪನೀಲಿ ಒಂದು ಪದ್ಧತಿ ಇತ್ತು ಬದರಿ. ಯಾವುದೋ ಊರಲ್ಲಿ ಶಾಲೆಗೆ ಚಾವಣಿ ಇಲ್ಲ, ಯಾರದೋ ಮನೆ ಸುಟ್ಟು ಹೋಯ್ತು ಅಂದ್ರೆ, ಕೊನೇ ದಿನ ಸಹಾಯಾರ್ಥ ಅಂತ ಒಂದು ನಾಟಕ ಆಡೋರು. ಟಿಕೆಟ್ಟಿಂದ ಬರೋದು ಅಷ್ಟಕ್ಕಷ್ಟೇ. ಮಂಗಳ ಹಾಡಿದ ಮೇಲೆ ಇವನು ವೇಷ ಬಿಚ್ಚದೆ ಹಾಗೇ ಕೆಳಗಿಳಿದು, ಸೆರಗೊಡ್ಡಿ ಜನರ ಮಧ್ಯೆ ನಡ್ಕೊಂಡು ಬರ್ತಿದ್ದ. ಮಾತಿಲ್ಲ. ಹಾಡಿಲ್ಲ. ಬರೀ ಸೆರಗು. ಗಂಡಸು ಬಂದು ಕೈ ಒಡ್ಡಿದ್ರೆ ಮುಂದೆ ಹೋಗಯ್ಯಾ ಅನ್ನೋ ಜನ, ಸೆರಗೊಡ್ಡಿದ್ರೆ... ಅದು ವೇಷ ಅಂತ ಗೊತ್ತಿದ್ದೂ... ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಅವತ್ತು ಮಾತ್ರ ಅವನು ಕಂಪನಿ ಸೀರೆ ಉಡ್ತಿರ್ಲಿಲ್ಲ. ಕಂಪನಿ ಬಟ್ಟೇಲಿ ಬಿದ್ದಿದ್ದರಲ್ಲಿ ಮಾಲೀಕನಿಗೆ ಪಾಲು. ಸ್ವಂತ ಸೀರೇಲಿ ಬಿದ್ದಿದ್ದು ಪೂರ್ತಿ ಕಷ್ಟದಲ್ಲಿರೋವ್ರಿಗೆ. ಅದಕ್ಕೇ ಅಂತ ತನ್ನ ಸಂಬಳದಲ್ಲಿ ಒಂದು ಸೀರೆ ತಗೊಂಡಿದ್ದ. ಇಲಕಲ್ ಸೀರೆ. ಹಸಿರು.

ಹಾಂ... ಈಗ ತಲೆ ಎತ್ತಿದೆ ನೋಡು. ಅದೇ ಸೀರೆ. ಇರು, ಹೇಳ್ತೀನಿ.

ನಿನ್ನ ಮಗನೂ ಹಾಗೇ ಮಾಡ್ತಾನೆ. ಶೋ ಮುಗಿದ ಮೇಲೆ ಸೆರಗೊಡ್ಡಿ ಕೆಳಗಿಳೀತಾನೆ. ಈಗ ಯಾರ ಜೇಬಲ್ಲಿ ಚಿಲ್ಲರೆ ಇದೆ ಹೇಳು? ಸೆರಗಿಗೆ ಆ ಚೌಕದ ಚೀಟಿ, ಕ್ಯೂಆರ್, ಅದನ್ನ ಪಿನ್ ಹಾಕಿ ಸಿಕ್ಕಿಸ್ಕೊಂಡಿರ್ತಾನಂತೆ. ಜನ ಫೋನು ಹಿಡಿದು ಹಿಡಿದು ದುಡ್ಡು ಹಾಕ್ತಾರೆ. "ಅಜ್ಜಿ, ಈಗ ಸೆರಗು ಹರಿಯಲ್ಲ, ದುಡ್ಡಿಗೆ ತೂಕಾನೇ ಇಲ್ಲ" ಅಂದ ಮುಂಡೇದು. ನಕ್ಕಿದ್ದೆ ಅವತ್ತು. ಅವನು ಹೋದ್ಮೇಲೆ ಅತ್ತಿದ್ದೆ.

ನನ್ನ ಹತ್ರ ಆ ಸೀರೆ ಹೇಗೆ ಬಂತು... ಅದಕ್ಕೇ ಬರ್ತಿದೀನಿ. ಸುತ್ತಿ ಬಳಸಿ ಬರ್ತಿದೀನಿ ಅಂತ ನನಗೂ ಗೊತ್ತು. ನೇರ ದಾರೀಲಿ ಬರೋಕೆ ಕಾಲು ಬರ್ತಿಲ್ಲ ಕಣೋ.

ನಿನಗೆ ಆಗ ಐದು ವರ್ಷ. ಎದೇಲಿ ತೂತು ಅಂದ್ರು. ಮೆಟ್ಟಿಲು ಹತ್ತಿದ್ರೆ ತುಟಿ ನೀಲಿ. ಆಪರೇಷನ್ ಆಗ್ಬೇಕು, ತಡ ಮಾಡೋ ಹಾಗಿಲ್ಲ ಅಂದ್ರು. ಆ ಕತೆ ನಿನಗೆ ಗೊತ್ತಿದೆ... ಗೊತ್ತಿದೆ ಅಂದ್ಕೊಂಡಿದೀಯ. ಗೇಟಿನ ಹತ್ರ ಸಮರ್ಥನಿಗೆ ಅದನ್ನೇ ಹೇಳಿದೆ. "ನಿಮ್ಮ ತಾತ ಸಹಕಾರನಗರದ ಸೈಟು ಮಾರಿ ನನ್ನ ಎದೆ ಹೊಲಿಸಿದ್ರು. ಗಂಡಸು ಅಂದ್ರೆ ಅದು. ಇದನ್ನ ನೋಡೋದಕ್ಕಾ ನಾನು ಬದುಕಿದ್ದು?" ಹಾಗಂದೆ. ನಾನು ನಿನ್ನ ಹಿಂದೆ ತುಳಸಿಕಟ್ಟೆ ಹತ್ರ ನಿಂತಿದ್ದೆ. ಸಮರ್ಥ ನಿನ್ನ ಕಡೆ ನೋಡಲೇ ಇಲ್ಲ, ನನ್ನ ಕಡೆ ನೋಡ್ದ. ಈಗಲಾದ್ರೂ ಹೇಳಜ್ಜಿ ಅನ್ನೋ ಹಾಗೆ.

ಯಾವ ಸೈಟು ಬದರಿ?

ಸೈಟೇ ಇರ್ಲಿಲ್ಲ ಕಣೋ. ಯಶವಂತಪುರ ಸ್ಟೇಷನ್ನಿನ ಬುಕಿಂಗ್ ಕ್ಲರ್ಕು ನಿಮ್ಮಪ್ಪ. ತಿಂಗಳ ಕೊನೇ ವಾರ ಹಾಲಿನವನು ಬಂದ್ರೆ ಬಚ್ಚಲಿಗೆ ಹೋಗಿ ಕೂರೋರು. ಪಾಪ, ಪ್ರಯತ್ನ ಪಡದೆ ಇರ್ಲಿಲ್ಲ. ಕೇಳದ ಮನೆ ಇಲ್ಲ, ಹತ್ತದ ಮೆಟ್ಟಿಲಿಲ್ಲ. ಹುಟ್ಟಲಿಲ್ಲ ಅಷ್ಟು ದುಡ್ಡು. ಆಮೇಲೆ ದುಡ್ಡು ಎಲ್ಲಿಂದ ಬಂತೋ ಅಂತ ನಿಮ್ಮಜ್ಜಿ ಕೇಳಿದಾಗ, ನನ್ನ ಮುಖ ಒಂದ್ಸಲ ನೋಡಿ, "ಸೈಟು ತಗೊಂಡಿದ್ದೆ, ಕೊಟ್ಬಿಟ್ಟೆ" ಅಂದ್ರು. ನನ್ನ ಮಾನ ಉಳಿಸೋಕೆ ಅಂದಿದ್ದು. ನಿಮ್ಮಜ್ಜಿ ಅದನ್ನ ಊರಿಗೆಲ್ಲ ಹೇಳಿದ್ರು. ಇಲ್ಲದೇ ಇರೋ ಸೈಟು, ಬರ್ತಾ ಬರ್ತಾ ಮೂವತ್ತಡಿ ನಲವತ್ತಡಿ ಆಯ್ತು, ಕಾರ್ನರ್ ಸೈಟ್ ಆಯ್ತು! ನಿಮ್ಮಪ್ಪ ಸಾಯೋವರೆಗೂ ಸಹಕಾರನಗರದ ಕಡೆ ಹೋಗ್ತಾ ಇರ್ಲಿಲ್ಲ, ಗಮನಿಸಿದೀಯಾ?

ಏನೂ ಅನ್ಬೇಡ ಇನ್ನೂ. ಇರು.

ಆ ಆಸ್ಪತ್ರೆಯಲ್ಲಿ ನಿನಗೆ ನೆನಪಿರೋದು ಒಂದೇ ಒಂದು. ಬಳೆಗಾರ. ಸಮರ್ಥ, ಮಹತಿ ಊಟಕ್ಕೆ ಹಟ ಮಾಡಿದಾಗ ನೀನೇ ಹೇಳ್ತಿದ್ದೆಯಲ್ಲ ಆ ಕತೆ. ಆಪರೇಷನ್ನಿಗೆ ಎರಡು ದಿನ ಮುಂಚೆ ವಾರ್ಡಿಗೆ ಒಬ್ಬ ಬಳೆಗಾರ ಬಂದ. ನಿನ್ನ ಮಂಚದ ಮೇಲೆ ಕೂತು ಒಮ್ಮೆ ರಾಣಿ ಥರ ಮಾತಾಡಿದ, ಒಮ್ಮೆ ಹಲ್ಲಿಲ್ಲದ ಮುದುಕಿ ಥರ, ಒಮ್ಮೆ ಪುಟ್ಟ ಹುಡುಗಿ ಥರ. ಪಕ್ಕದ ಮಂಚದ ಮಗು ನಕ್ಕಿತು, ಆಚೆ ಮಂಚದ ಮಗು ನಕ್ಕಿತು. ಬೈಯೋಕೆ ಬಂದ ನರ್ಸು ಬಾಗಿಲಲ್ಲೇ ನಿಂತು ನೋಡಿದಳು. ನಿನಗೆ ನಗೋಕೂ ಉಸಿರು ಸಾಲದು, ಬಾಯಿ ಮುಚ್ಕೊಂಡು ಕಣ್ಣಲ್ಲಿ ನಕ್ಕೆ. ಮಹತಿ ಪ್ರತಿ ಸಲ ಕೇಳ್ತಿದ್ದಳು, "ಅಪ್ಪಾ, ಬಳೆಗಾರ ಅಂತೀಯ, ಅವನ ಹತ್ರ ಒಂದು ಬಳೇನೂ ಇರ್ಲಿಲ್ಲ ಅಂತೀಯ. ಮತ್ತೆ ಆಸ್ಪತ್ರೆಗೆ ಯಾಕೆ ಬಂದಿದ್ದ?" ನೀನು ನನ್ನ ಕಡೆ ನೋಡ್ತಿದ್ದೆ. ನಾನು ಒಲೆ ಮೇಲೆ ಏನೋ ಸೀದು ಹೋಗ್ತಿದೆ ಅಂತ ಎದ್ದು ಹೋಗ್ತಿದ್ದೆ.

ಇವತ್ತು ಒಲೆ ಮೇಲೆ ಏನೂ ಇಲ್ಲ.

...

ಯಾಕೋ? ಫೋನು ಯಾಕೆ ಬೋರಲು ಹಾಕ್ದೆ? ಎದೆ ಮೇಲೆ ಯಾಕೆ ಕೈ? ನೋವಾ? ನೋವಾಗ್ತಿದ್ರೆ ಹೇಳು... ನೋವಲ್ಲ. ಮತ್ತೆ ಹಾಗೆ ನೋಡ್ಬೇಡ ನನ್ನ. ಬೈದು ಬಿಡು, ಕೂಗು, ಗೇಟಿನ ಹತ್ರ ಕೂಗಿದ ಹಾಗೆ ಕೂಗು!

ಗೊತ್ತಾಯ್ತು ಅಲ್ವಾ ನಿನಗೆ?

ಹೌದು. ನಟ ಒಬ್ಬ, ಬಳೆಗಾರ ಇನ್ನೊಬ್ಬ ಅಲ್ಲ. ಒಬ್ಬನೇ. ನಮ್ಮ ಓಣಿಯವನಲ್ಲ, ನಮ್ಮ ಮನೆಯವನು. ಬಾವಿಕಟ್ಟೆ ಮೇಲೆ ತಲೆಗೆ ನೀರು ಸುರ್ಕೊಂಡವರು ನಮ್ಮಪ್ಪ. ಅವನು ನನ್ನ ಅಣ್ಣ ಬದರಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಒಬ್ಬಳೇ ಮಗಳು, ಹಿಂದೆ ಮುಂದೆ ಯಾರೂ ಇಲ್ಲ ಅಂತ ಹೇಳಿ ನನ್ನ ಮದುವೆ ಮಾಡಿದ್ರು. ನಾನೂ ತಲೆ ಬಗ್ಗಿಸಿ ಹಾರ ಹಾಕಿಸ್ಕೊಂಡೆ. ಹೇಳಿದ್ರೆ ಮದುವೆ ನಿಲ್ಲುತ್ತೆ ಅಂದ್ರು.

ಮದುವೆಯಾಗಿ ಆರು ವರ್ಷ ಅವನಿಗೆ ಒಂದು ಕಾಗದ ಬರೆದವಳಲ್ಲ. ನಿನ್ನ ತುಟಿ ನೀಲಿ ಆದ ದಿನ ಬರೆದೆ. ಕಂಪನಿ ಯಾವ ಊರಲ್ಲಿದೆಯೋ ಗೊತ್ತಿಲ್ಲ, ಗದಗಿಗೆ ಹಾಕಿದೆ, ಹೇಗೋ ಸಿಕ್ಕಿತು. ಒಂದೇ ಸಾಲು. ಅಣ್ಣಾ, ನನ್ನ ಮಗು ಉಳಿಯಲ್ಲ ಅಂತಾರೆ. ಅವನು ವಾಪಸ್ ಬರೀಲಿಲ್ಲ. ಊರೂರಲ್ಲಿ ಸಹಾಯಾರ್ಥ ಆಡ್ದ. ಒಂಬತ್ತು ಊರು. ನರೇಗಲ್ಲಿನಲ್ಲಿ ಚಿಲ್ಲರೆ ಭಾರಕ್ಕೆ ಸೆರಗು ಹರೀತು, ಹರಿದ ಸೆರಗನ್ನೇ ಗಂಟು ಹಾಕಿ ಒಡ್ಡಿದನಂತೆ. ಕೊನೇ ಆಟ ಮುಗಿಸಿ ಅಲ್ಲಿಂದಲೇ ಬಸ್ಸು ಹತ್ತಿದ. ಬೆಳಿಗ್ಗೆ ವಾರ್ಡಿಗೆ ಬಂದಾಗ ಕಣ್ಣಲ್ಲಿ ಕಾಡಿಗೆ, ಕಿವಿ ಹಿಂದೆ ಬಣ್ಣ, ಭುಜದವರೆಗೂ ಕೂದಲು. ಬಗಲಲ್ಲಿ ಆ ಹಸಿರು ಸೀರೆಯ ಗಂಟು.

ನಿಮ್ಮಜ್ಜಿ ಇದ್ರು ಅಲ್ಲೇ. ನಿಮ್ಮ ಸೋದರತ್ತೆಯೂ ಇದ್ದಳು. ಮೇಲಿಂದ ಕೆಳಗೆ ನೋಡಿದ್ರು ಅವನನ್ನ. ತುಟಿ ಒಂದು ಕಡೆ ಹೋಯ್ತು. "ಯಾರೇ ಸೀತಾ ಇದು?" ಅಂದ್ರು. ಇವನು ಅಂತ್ಲೂ ಅನ್ಲಿಲ್ಲ. ಇದು.

ನನ್ನ ಬಾಯಿಂದ... ನಾನು... "ನಮ್ಮೂರ ಬಳೆಗಾರ ಅತ್ತೆ" ಅಂದೆ.

ಅವನು ಒಂದು ಗಳಿಗೆ ನನ್ನ ನೋಡ್ದ. ಒಂದೇ ಗಳಿಗೆ. ಆಮೇಲೆ ಬೆನ್ನು ಬಗ್ಗಿಸಿದ ನೋಡು! ಎಂಥ ನಟ ಅಂತೀಯ! ಕಣ್ಮುಂದೆ ಬಳೆಗಾರ ಆಗಿಬಿಟ್ಟ. "ಹೌದ್ರಿ ಅವ್ವಾರ, ಬಳಿಗಾರ ಅದೀನ್ರಿ. ಇವರ ತವರಮನಿಯವರು ಕೂಸಿನ ಯೋಗಕ್ಷೇಮ ಕೇಳ್ಕೊಂಡು ಬಾ ಅಂದ್ರು, ಬಂದೆ." ನನ್ನ ಮುಂದೆ ನೆಲದ ಮೇಲೆ ಕೂತು ನನ್ನ ಕೈ ತಗೊಂಡ. ಬಳೆಗಾರರು ಅಳತೆ ನೋಡೋಕೆ ಬೆರಳ ಗೆಣ್ಣು ಒತ್ತುತಾರಲ್ಲ, ಹಾಗೆ ಒತ್ತಿದ. "ಕೈ ಭಾಳ ಸಣ್ಣ ಆಗ್ಯಾವಲ್ಲ ತಂಗೆವ್ವ" ಅಂದ. ಬಳೆಗಾರ ಯಾರನ್ನ ಬೇಕಾದ್ರೂ ತಂಗೆವ್ವ ಅನ್ನಬಹುದು. ಯಾರೂ ತಿರುಗಿ ನೋಡಲ್ಲ. ನಿಮ್ಮಜ್ಜಿ ನೋಡಲಿಲ್ಲ. ಅವನು ಅಂದಿದ್ದು ನನಗೆ ಕಣೋ... ಅವನು ಅಂದಿದ್ದು ನನಗೆ.

ನೀರು ಬೇಡ. ನೀರು ಕುಡಿದ್ರೆ ನಿಲ್ಲಿಸಿಬಿಡ್ತೀನಿ.

ಮಗು ಹೆದರಿದೆ ಅಂತ ನಿನ್ನ ನಗಿಸಿದ. ಒಂಬತ್ತೂರಿನ ದುಡ್ಡಿನ ಗಂಟು ಮಂಚದ ಕೆಳಗಿಟ್ಟು ಹೋದ. ಊರಿಗೆ ಹೋದ ಅಂದ್ಕೊಂಡೆ. ಹೋಗಿರ್ಲಿಲ್ಲ. ಬಳೆಗಾರ ಆಸ್ಪತ್ರೆಯಲ್ಲಿ ಯಾವ ನೆಪದಲ್ಲಿ ಇರ್ತಾನೆ? ಎದುರಿನ ಫುಟ್‌ಪಾತ್ ಮೇಲೆ ಇದ್ದ, ನಾಲ್ಕು ದಿನ. ನೀನು ಕಣ್ಣು ಬಿಟ್ಟೆ ಅಂತ ಆಯಾನ ಕೇಳಿ ತಿಳ್ಕೊಂಡು ಹೋದನಂತೆ. ಅವಳು ಆಮೇಲೆ ಹೇಳಿದ್ದು, "ನಿಮ್ಮ ಬಳೆಗಾರ ಅಳ್ತಾ ಇದ್ದ ಕಣಮ್ಮ" ಅಂತ. ನಿನ್ನ ಎದೆ ಒಳಗೆ ಅವರು ಹೊಲೀತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ಆ ಸೆರಗು ಹೊಲಿದೆ. ಕೈಲಿದ್ದದ್ದು ನಿನಗೆ ರಕ್ಷೆ ಕಟ್ಟೋಕೆ ತಂದ ಕೆಂಪು ದಾರ ಒಂದೇ. ಆ ಹೊಲಿಗೆ ಅದು. ಇಲಿ ಅಲ್ಲ.

ಆ ಫುಟ್‌ಪಾತ್ ವಿಷಯ ಸಮರ್ಥನಿಗೆ ಹೇಳಿದ್ದು ನಾನೇ. ಈಗ ಗೊತ್ತಾಯ್ತಾ, ಅವನು ಯಾಕೆ ಬೇರೆ ಯಾವುದಕ್ಕೂ ಅಲ್ಲ, ಆಸ್ಪತ್ರೆಗೆ ಬರೋ ಅಪ್ಪ ಅಮ್ಮಂದಿರ ಆ ಮನೆಗೇ ದುಡ್ಡು ಕೂಡಿಸ್ತಿದಾನೆ ಅಂತ? ಅವನು ಹೋಗಿ ನೋಡಿ ಬಂದ ಅಣ್ಣನ್ನ. ಎರಡು ಸಲ. ನಾನು ಹೋಗಲಿಲ್ಲ. ಏನಂತ ಹೇಳಿ ಹೋಗ್ಲಿ ನಿಮಗೆ? ಹಬೀಬುಲ್ಲಾ ಅಂತ, ಕಂಪನೀಲಿ ಹಾರ್ಮೋನಿಯಂ ನುಡಿಸ್ತಿದ್ದವರು, ಕೊನೇಲಿ ಅವರ ಮನೇಲೇ ಇದ್ದನಂತೆ. ಎಪ್ಪತ್ತೊಂಬತ್ತು ವರ್ಷದ ಮುದುಕ, ಹುಡುಗನಿಗೆ ಸೆರಗು ಒಡ್ಡೋದು ಹೇಗೆ ಅಂತ ಎದ್ದು ನಿಂತು ತೋರಿಸಿದನಂತೆ. ನನ್ನ ಬಗ್ಗೆ ಒಂದು ದೂರಿಲ್ಲ. ಕೇಳಿದ್ದು ಇಷ್ಟೇ... "ಸೆರಗು ಹರಿದಿತ್ತು, ಹೊಲಕೊಂಡಾಳೇನು?"

ಆಷಾಢದಲ್ಲಿ ಸಮರ್ಥ ಗೇಟಿನ ಹತ್ರ ಯಾಕೆ ಬಂದಿದ್ದ ಗೊತ್ತಾ? ಶೋ ಬಗ್ಗೆ ಹೇಳೋಕಲ್ಲ, ನಿನ್ನ ಹತ್ರ ಜಗಳಕ್ಕಲ್ಲ. ಹಿಂದಿನ ದಿನ ಅಣ್ಣ ತೀರ್ಕೊಂಡಿದ್ದ. ಹಬೀಬುಲ್ಲಾ ಫೋನ್ ಮಾಡಿದ್ರು. ಅಜ್ಜಿಗೆ ಫೋನಲ್ಲಿ ಹೇಳಬಾರದು ಅಂತ ಬ್ಯಾಟರಾಯನಪುರದ ರೂಮಿಂದ ಓಡಿ ಬಂದಿದ್ದ ಮಗು. ನೀನು ಒಳಗೆ ಬಿಡಲಿಲ್ಲ. ನಿನ್ನ ಭುಜದ ಮೇಲಿಂದ ನನ್ನ ನೋಡಿ ತಲೆ ಅಲ್ಲಾಡಿಸಿದ, ಅಷ್ಟೇ. ಅಷ್ಟರಲ್ಲಿ ಗೊತ್ತಾಯ್ತು ನನಗೆ. ನೀನು ಸೈಟಿನ ಮಾತು ಆಡ್ತಾನೇ ಇದ್ದೆ. ನಾನು ಬಾಯಿ ಬಿಡಲಿಲ್ಲ. ವಾರ್ಡಲ್ಲಿ ಒಂದು ಸಲ, ಗೇಟಿನ ಹತ್ರ ಒಂದು ಸಲ. ಎರಡು ಸಲ ನನ್ನಣ್ಣನ್ನ ಯಾರೂ ಅಲ್ಲ ಅಂದೆ.

ಅವತ್ತು ಸಂಜೆ ತಲೆಗೆ ಸ್ನಾನ ಮಾಡ್ದೆ. ಯಾಕತ್ತೆ ಈ ಹೊತ್ತಲ್ಲಿ ಅಂತ ಶುಭಾ ಕೇಳಿದಳು. ಕಾಗೆ ಮುಟ್ಟಿತು ಅಂದೆ. ಮೂರು ದಿನ ದೇವರ ಮನೆಗೆ ಹೋಗಲಿಲ್ಲ, ಮಂಡಿ ನೋವು ಅಂದೆ. ಕಾಗೆ, ಇಲಿ, ಮಂಡಿ... ಎಷ್ಟು ಸುಳ್ಳು ಸಾಕಿದೀನಿ ನೋಡು ಈ ಮನೇಲಿ.

ನಿಮ್ಮಪ್ಪ ಹೋದಾಗಿಂದ ಪ್ರತಿ ವರ್ಷ ಆ ಹಾಳೇಲಿ ಆ ಸಾಲಿಗೆ ಬಂದಾಗ ಕೇಳ್ತಿದ್ದೆ ನೀನು, "ಅಮ್ಮಾ, ನಿಮ್ಮ ಕಡೆ?" ಯಾರೂ ಇಲ್ಲ, ಗೀಟು ಹಾಕು ಅಂತಿದ್ದೆ. ಬದುಕಿರೋವ್ರಿಗೆ ತರ್ಪಣ ಕೊಡೋ ಹಾಗಿಲ್ಲವಲ್ಲ, ಅದರಿಂದ ನಾನು ಹೇಳಿದ್ದು ತಪ್ಪಲ್ಲ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಈ ವರ್ಷ ನೀನು ಕೇಳಲೂ ಇಲ್ಲ. ಬೆಳಿಗ್ಗೆ ಕಾಫಿ ಕುಡೀತಾ ನೀನೇ ಗೀಟು ಎಳೆದೆ. ನಾನು ಎದುರಿಗೆ ಕೂತು ನೋಡ್ತಾ ಇದ್ದೆ. ಪೆನ್ನು ಸರ್ ಅಂತು.

...

ಎಲ್ಲಿಗೆ ಹೋಗ್ತೀಯ? ಬದರಿ... ಬದರೀ!

... ಏನಿದು? ನನ್ನ ಚಪ್ಪಲಿ ಯಾಕೆ ತಂದೆ? ನೀನು ಯಾಕೋ ಬಗ್ಗಿ... ಬಿಡು, ನಾನೇ ಹಾಕ್ಕೋತೀನಿ, ಕಾಲು ಹಿಡೀಬೇಡ ಕಣೋ. ಗಂಟೆ ಎಷ್ಟು? ಮೂರೂವರೆ... ಸಾಕು, ಹೆಬ್ಬಾಳದ ಹತ್ರ ಟ್ರಾಫಿಕ್ ಇಲ್ಲದಿದ್ರೆ ತಲುಪ್ತೀವಿ.

ಇರು. ಹೊರಡೋ ಮುಂಚೆ ಒಂದು ಕೆಲಸ ಇದೆ. ಮಹತೀ! ಅಡುಗೆಮನೆ ಬಾಗಿಲಲ್ಲಿ ನಿಂತು ಆಗಿಂದ ಕೇಳ್ತಿದೀಯ ಅಂತ ಗೊತ್ತು. ಬಾ ಮಗಳೇ. ಆ ಹಾಳೆ ತಗೋ, ಪೆನ್ನು ತಗೋ. ನಿಮ್ಮಪ್ಪ ನನ್ನ ಕಾಲು ಬಿಡ್ತಿಲ್ಲ, ನನಗೆ ಕಣ್ಣು ಕಾಣಲ್ಲ. ಅಮ್ಮನ ಕಡೆಯವರು ಮೂರು ಜನ ಆದ್ಮೇಲಿನ ಸಾಲು ಏನಿದೆ, ಓದು.

ಮಾತುಲ! ಅದೇ. ಅದೇ ಪದ. ಮಾತುಲ ಅಂದ್ರೆ ಸೋದರಮಾವ ಕಣೇ. ಮುಂದೆ ಗೀಟಿದೆಯಲ್ಲ? ಅದನ್ನ ಅಳಿಸ್ಬೇಡ, ಇರಲಿ. ಅದರ ಮೇಲೇ ಬರಿ, ದೊಡ್ಡದಾಗಿ. ನಾಳೆ ಶಾಸ್ತ್ರಿಗಳಿಗೆ ಕನ್ನಡಕ ಇಲ್ಲದೆ ಕಾಣಬೇಕು. ಸಮರ್ಥನೂ ಪಕ್ಕದಲ್ಲಿ ಕೂತಿರ್ತಾನೆ, ಅವನಿಗೂ ಕಾಣಬೇಕು. ಗೋತ್ರ ನಮ್ಮಪ್ಪಂದೇ. ಹೆಸರು...

ಐವತ್ಮೂರು ವರ್ಷ ಈ ಮನೇಲಿ ಆಡದ ಹೆಸರು, ತಡಿ, ಸರಿಯಾಗಿ ಹೇಳ್ತೀನಿ.

ಬಿಂದುಮಾಧವ. ಬರ್ಕೋ ಮಗಳೇ. ಬಿಂದುಮಾಧವ.